ಚೀಲ ತಾನಾಗಿ ನಿಲ್ಲಬೇಕು

ನನಗೊಂದು ಕೆಟ್ಟ ಚಟವಿದೆ. ಬೀಡಿಯಲ್ಲ, ಇಸ್ಪೀಟಲ್ಲ. ಕಂಡವರ ಚೀಲವನ್ನು ಎರಡು ಬೆರಳಲ್ಲಿ ಹಿಡಿದು ಹಿಸುಕಿ ನೋಡುವುದು. ಹೋದ ತಿಂಗಳು ಕನಕಪುರದ ಬಸ್ಸಿನಲ್ಲಿ ನನ್ನ ಮುಂದೆ ನಿಂತಿದ್ದ ಹೆಂಗಸಿನ ಹೆಗಲಿಂದ ಒಂದು ಬಟ್ಟೆ ಚೀಲ ನೇತಾಡುತ್ತಿತ್ತು. ಅಂಚು ನೆಟ್ಟಗೆ, ಮೂಲೆ ಚೂಪಾಗಿ, ಬಸ್ಸು ಕುಲುಕಿದರೂ ಚೀಲ ಕುಲುಕುತ್ತಿರಲಿಲ್ಲ. ಕೈ ತಡೆಯಲಿಲ್ಲ. ಹಿಸುಕಿದೆ.

"ಏಯ್, ಏನ್ಲಾ ಮಾಡ್ತಿದ್ದೀಯ?"

"ಏನಿಲ್ಲ ಕಣಕ್ಕ, ಒಳಗಡೆ ಏನ್ ಹಾಕವ್ರೆ ಅಂತ ನೋಡ್ದೆ."

"ನನ್ನ ಚೀಲದೊಳಗೆ ಏನೈತೆ ಅಂತ ನಿಂಗ್ಯಾಕೆ? ರೀ ಕಂಡಕ್ಟ್ರೇ, ನೋಡಿ ಇಲ್ಲಿ, ಕಳ್ಳ ನನ್ಮಗ!"

ಊರು ಬರುವುದಕ್ಕೆ ಎರಡು ಮೈಲಿ ಮುಂಚೆಯೇ ಕಂಡಕ್ಟರ್ ನನ್ನನ್ನು ಇಳಿಸಿದ. ಬಿಸಿಲಲ್ಲಿ ನಡೆದೆ. ಅವಮಾನವಾಯಿತು ಅಂತ ನಾನು ಅಳಲಿಲ್ಲ. ನಡೆಯುತ್ತಾ ಯೋಚಿಸಿದ್ದು ಒಂದೇ: ಅದು ಪೇಪರ್ ಕ್ಯಾನ್ವಾಸು, ಒಂದು ಮಳೆಗೆ ನೆನೆದರೆ ಆಯಮ್ಮನ ಚೀಲ ಹಳಸಿದ ಇಡ್ಲಿ ಆಗುತ್ತದೆ, ಹೇಳುವಷ್ಟರಲ್ಲಿ ಇಳಿಸಿಬಿಟ್ಟರಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಒಳ್ಳೆ ಬಟ್ಟೆ ಚೀಲಕ್ಕೆ ಹೊರಗೊಂದು ಬಟ್ಟೆ, ಒಳಗೊಂದು ಲೈನಿಂಗು. ಎರಡರ ನಡುವೆ ಯಾರಿಗೂ ಕಾಣದ ಮೂರನೆಯದೊಂದು ಇರುತ್ತದೆ. ದರ್ಜಿಗಳು ಅದನ್ನು ಕ್ಯಾನ್ವಾಸ್ ಅನ್ನುತ್ತಾರೆ. ಗಾರ್ಮೆಂಟ್ಸಿನವರು ಫ್ಯೂಸಿಂಗ್ ಅನ್ನುತ್ತಾರೆ. ನಮ್ಮ ಅವ್ವ "ಆ ಗಟ್ಟಿ ಬಟ್ಟೆ" ಅನ್ನುತ್ತಾಳೆ. ಅದಿಲ್ಲದಿದ್ದರೆ ಚೀಲ ಚೀಲವೇ, ಆದರೆ ನೆಲಕ್ಕಿಟ್ಟರೆ ಕುಡಿದು ಬಂದವನ ಹಾಗೆ ಮಲಗಿಬಿಡುತ್ತದೆ.

ಅದು ಜಾಸ್ತಿಯಾದರೂ ಕಷ್ಟವೇ. ನನಗೆ ಎಂಟೋ ಒಂಬತ್ತೋ ವಯಸ್ಸಿದ್ದಾಗ ನಮ್ಮ ಸೋದರಮಾವನ ಮದುವೆ. ಮಾವ ದರ್ಜಿಗೆ "ಕಾಲರ್ ನಿಗುರ್ಕಂಡ್ ನಿಂತಿರಬೇಕು" ಅಂದಿದ್ದ. ದರ್ಜಿ ಒಂದು ಪದರ ಹಾಕುವ ಕಡೆ ಮೂರು ಪದರ ಹಾಕಿ ಹೊಲಿದ. ಕಾಲರ್ ನಿಂತಿತು. ಮಾವನ ಕತ್ತೂ ನಿಂತಿತು. ಯಾರಾದರೂ ಕರೆದರೆ ಸೊಂಟದಿಂದ ಮೇಲೆ ಪೂರ್ತಿ ತಿರುಗುತ್ತಿದ್ದ, ಮಳೆಗೆ ಉಬ್ಬಿದ ಬಾಗಿಲಿನ ಹಾಗೆ. ಹೆಣ್ಣಿನ ಕಡೆಯ ಮುದುಕಿಯೊಬ್ಬಳು "ಗಂಡಿನ ಕತ್ತು ತಿರುಗಕ್ಕಿಲ್ವಂತೆ, ಮುಚ್ಚಿಟ್ಟವ್ರೆ" ಅಂತ ಸುದ್ದಿ ಎಬ್ಬಿಸಿದಳು. ಕೊನೆಗೆ ತಾತ ಮಾವನ ಶರ್ಟು ಬಿಚ್ಚಿಸಿ, ಬನಿಯನ್ನಿನಲ್ಲೇ ಕತ್ತನ್ನು ಆ ಕಡೆ ಈ ಕಡೆ ಆಡಿಸಿ ಬೀಗರಿಗೆ ತೋರಿಸಬೇಕಾಯಿತು. ಬಟ್ಟೆಗೆ ತಕ್ಕ ಕ್ಯಾನ್ವಾಸ್ ಹಾಕಬೇಕು ಅನ್ನುವ ಪಾಠ ನನಗೆ ಅಲ್ಲೇ ಸಿಕ್ಕಬೇಕಿತ್ತು. ನಾನು ಹೋಳಿಗೆ ಯಾವ ಕಡೆಯಿಂದ ಬರುತ್ತದೆ ಅಂತ ನೋಡುತ್ತಿದ್ದೆ.

ಒಂದು ಕಡೆ ಕೂರುವುದು ನನ್ನ ಜಾತಕದಲ್ಲಿ ಬರೆದಿಲ್ಲ. ಓದು ಏಳನೇ ಕ್ಲಾಸಿಗೆ ಮುಗಿಯಿತು. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರ ಹತ್ತಿರ ಎರಡು ತಿಂಗಳು ಇದ್ದೆ. ತಿರುಗುವ ಮರಕ್ಕೆ ಅರಗಿನ ಬಣ್ಣ ಒತ್ತಿ ಹಿಡಿಯಬೇಕು, ಕೂತವನು ಏಳಬಾರದು. ಮರ ತಿರುಗುತ್ತಿತ್ತು, ನಾನು ತಿರುಗುವ ಹಾಗಿರಲಿಲ್ಲ. ಬಿಟ್ಟೆ. ಮಾಗಡಿ ಕಡೆ ಕಲ್ಲು ಹೊರುವ ಕೆಲಸಕ್ಕೆ ಹದಿನೈದು ದಿನ ಹೋದೆ. ಅಲ್ಲಿ ಕೂರುವ ಮಾತಿರಲಿಲ್ಲ, ಆದರೆ ಸೊಂಟ ಬಿದ್ದುಹೋಯಿತು. ಬಿಟ್ಟೆ. ಅಷ್ಟರಲ್ಲಿ ಮೈಸೂರು ರಸ್ತೆಯ ಎರಡೂ ಕಡೆ ಕಂಪನಿಗಳು ಎದ್ದವು. ನಿನ್ನೆ ರಾಗಿ ಪೈರು ಇದ್ದ ಕಡೆ ಇವತ್ತು ತಗಡಿನ ಶೆಡ್ಡು, ಗೇಟು, ಸೆಕ್ಯುರಿಟಿ. ಊರೂರಿಗೆ ಕಂಪನಿ ಬಸ್ಸು ಬರತೊಡಗಿತು. ನಾನೂ ಹತ್ತಿದೆ. ಬಿಡದಿ ಹತ್ತಿರ ಒಂದು ಗಾರ್ಮೆಂಟ್ಸು. ಕಾಲರ್ ತುಂಡುಗಳನ್ನು ಫ್ಯೂಸಿಂಗ್ ಮಿಷನ್ನಿನ ಬಾಯಿಗೆ ಇಡುವುದು ನನ್ನ ಕೆಲಸ. ಬಟ್ಟೆಯೂ ಕ್ಯಾನ್ವಾಸೂ ಬೇರೆ ಬೇರೆಯಾಗಿ ಒಳಗೆ ಹೋಗಿ, ಶಾಖಕ್ಕೆ ಗಮ್ಮು ಕರಗಿ, ಆ ಕಡೆಯಿಂದ ಗಂಡ ಹೆಂಡತಿಯ ಹಾಗೆ ಅಂಟಿಕೊಂಡು ಬರುತ್ತಿದ್ದವು. ಮೂರು ತಿಂಗಳು ನೋಡಿದೆ. ಅದನ್ನೂ ಬಿಟ್ಟೆ. ಆದರೆ ಕ್ಯಾನ್ವಾಸಿನ ವಿಷಯದಲ್ಲಿ ನನಗೆ ಎಲ್ಲ ಗೊತ್ತು ಅನ್ನುವ ಸೊಕ್ಕು ಮಾತ್ರ ನನ್ನನ್ನು ಬಿಡಲಿಲ್ಲ.

ನಮ್ಮಕ್ಕ ಸಾವಿತ್ರಿ ನನ್ನ ಹಾಗಲ್ಲ. ಅದೇ ಕಂಪನಿಯಲ್ಲಿ ನಾಲ್ಕು ವರ್ಷ ಚೆಕ್ಕಿಂಗ್ ಟೇಬಲ್ಲಿನ ಮುಂದೆ ನಿಂತಳು. ಬೆಳಗಿಂದ ಸಾಯಂಕಾಲದವರೆಗೆ ನಿಂತೇ ಇರುವ ಕೆಲಸ. ಕಾಲು ಊದಿ, ಹೊರಡುವಾಗ ಹಾಕಿಕೊಂಡ ಚಪ್ಪಲಿ ಬರುವಾಗ ಹಿಡಿಸುತ್ತಿರಲಿಲ್ಲ, ಕೈಯಲ್ಲಿ ಹಿಡಿದುಕೊಂಡು ಬರುತ್ತಿದ್ದಳು. ಡಾಕ್ಟರು ನಿಲ್ಲುವ ಕೆಲಸ ಬೇಡ ಅಂದರು. ಅಕ್ಕ ಕೆಲಸ ಬಿಟ್ಟು, ಒಂದು ಹಳೇ ಹೊಲಿಗೆ ಮಿಷನ್ ತಂದು ಪಡಸಾಲೆಯಲ್ಲಿ ಇಟ್ಟಳು. ಚೀಲ ಹೊಲಿಯುತ್ತೇನೆ ಅಂದಳು.

ಅವ್ವನಿಗೆ ಹಿಡಿಸಲಿಲ್ಲ.

"ಹುಡ್ಗಿ ಕಂಪ್ನಿಗೆ ಹೋಯ್ತಾಳೆ ಅಂದ್ರೆ ಗಂಡಿನ ಕಡೆಯೋರಿಗೆ ಒಂದು ಮಾತು. ಮನೇಲಿ ಚೀಲ ಹೊಲೀತಾಳೆ ಅಂದ್ರೆ ಏನವ್ವ ಅದು?"

"ಕಾಲು ಊದ್ಕಂಡಿರೋ ಹೆಣ್ಣು ಅನ್ನೋಕ್ಕಿಂತ ವಾಸಿ ಕಣವ್ವ."

"ಗೌರಿ ಹಬ್ಬದ ಗಂಟ ನೋಡ್ತೀನಿ. ಮಿಷನ್ ಓಡ್ತೋ, ಸರಿ. ಓಡ್ನಿಲ್ವೋ, ಬಸ್ ಹತ್ತು."

ಬಸ್ಸು ಅಂದರೆ ಕಂಪನಿ ಬಸ್ಸು. ದಿನಾ ಬೆಳಿಗ್ಗೆ ಆರೂಕಾಲಿಗೆ ನಮ್ಮೂರು ಕೈಲಾಂಚದ ಸರ್ಕಲ್ಲಿಗೆ ಬಂದು ಹಾರನ್ ಹೊಡೆಯುತ್ತಿತ್ತು. ಆ ಹಾರನ್ ನಮ್ಮ ಮನೆಯವರೆಗೆ ಕೇಳುತ್ತಿತ್ತು. ಅದು ಕೇಳಿದಾಗಲೆಲ್ಲ ಅಕ್ಕ ಮಾಡುತ್ತಿದ್ದ ಕೆಲಸ ನಿಲ್ಲಿಸಿ, ಬಸ್ಸು ಹೊರಟ ಸದ್ದು ಬಂದ ಮೇಲೆ ಮತ್ತೆ ಶುರು ಮಾಡುತ್ತಿದ್ದಳು.

ಆ ಬಸ್ಸಿನಿಂದಲೇ ಅಕ್ಕನಿಗೆ ಉಪಾಯವೂ ಹೊಳೆದದ್ದು. ಬಸ್ಸಿನಲ್ಲಿ ಹೋಗುವ ನಲವತ್ತು ಹುಡುಗಿಯರೂ ಊಟದ ಡಬ್ಬಿಯನ್ನು ಪ್ಲಾಸ್ಟಿಕ್ ಕವರಿನಲ್ಲೋ, ಹಳೇ ಬಟ್ಟೆಯ ಚೀಲದಲ್ಲೋ ಹಾಕಿ ಕಾಲ ಹತ್ತಿರ ಇಟ್ಟುಕೊಳ್ಳುತ್ತಿದ್ದರು. ತಿರುವು ಬಂತು ಅಂದರೆ ಎಲ್ಲ ಚೀಲಗಳೂ ಒಟ್ಟಿಗೆ ಮಲಗುತ್ತಿದ್ದವು. ಒಬ್ಬಳ ಹುಳಿಸಾರು ಇನ್ನೊಬ್ಬಳ ಸೀರೆ ಅಂಚಿಗೆ. ರಾಮನಗರ ದಾಟುವ ಹೊತ್ತಿಗೆ ಬಸ್ಸಿನಲ್ಲಿ ಜಗಳ, ಬಿಡದಿ ಬರುವ ಹೊತ್ತಿಗೆ ಮೌನ. ಇದನ್ನು ನಾಲ್ಕು ವರ್ಷ ಕಂಡಿದ್ದ ಅಕ್ಕ ಅಗಲ ತಳದ ಒಂದು ಚೀಲ ಹೊಲಿದು ಬಸ್ಸಿನ ಮಂಗಳಾಗೆ ತೋರಿಸಿದಳು. ಮಂಗಳ ಆ ಬಸ್ಸಿನ ಯಜಮಾನಿ ಇದ್ದ ಹಾಗೆ. ಯಾರು ಎಲ್ಲಿ ಕೂರಬೇಕು ಅಂತ ಡ್ರೈವರು ಹೇಳುವುದಿಲ್ಲ, ಅವಳು ಹೇಳುತ್ತಾಳೆ.

ಮಂಗಳ ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಚೆಂದಾಗೈತೆ ಸಾವಿತ್ರಕ್ಕ. ಆದ್ರೆ ನಿಂತ್ಕತದಾ?"

"ನಿಂತ್ಕತದೆ."

"ನಿಂತ್ಕಂಡ್ರೆ ನಲವತ್ತೂ ನಿಂದೇ. ಹಬ್ಬಕ್ ಮುಂಚೆ ಕೊಡ್ಬೇಕು. ಬಿದ್ರೆ ಮಾತ್ರ ಎಲ್ರ ಸಾರ್ನೂ ನಿನ್ ತಲೆ ಮ್ಯಾಲೇ ಸುರೀತೀವಿ."

ಹೊಲಿಯುವುದು ಅಕ್ಕ, ಕತ್ತರಿಸುವುದು ನಾನು, ಸಾಮಾನು ತರುವುದೂ ನಾನು. ರಾಮನಗರದಲ್ಲಿ ದರ್ಜಿ ಸಾಮಾನು ಮಾರುವ ಸಾಬರೊಬ್ಬರಿದ್ದಾರೆ. ರೇಷ್ಮೆ ಗೂಡಿನ ಮಾರುಕಟ್ಟೆಯಿಂದ ಒಸಿ ಮುಂದಕ್ಕೆ ಹೋದರೆ ಒಂದು ಸಂದಿ, ಆ ಸಂದಿಯಲ್ಲಿ ಅವರ ಅಂಗಡಿ. ಅಂಗಡಿ ಅಂದರೆ ಇಬ್ಬರು ನಿಂತರೆ ಮೂರನೆಯವನು ಹೊರಗೆ. ಒಳಗೆ ಸುರುಳಿ ಸುರುಳಿ ಕ್ಯಾನ್ವಾಸು. ಸಾಬರಿಗೆ ಮಾತಿಗಿಂತ ಬೆರಳು ಜಾಸ್ತಿ. ಒಂದು ತುಂಡು ಎಳೆದು ನನ್ನ ಬೆರಳಿಗೆ ಕೊಟ್ಟರು.

"ಹಿಸುಕು."

ಹಿಸುಕಿದೆ.

"ಇದು ಪೇಪರ್ ಕ್ಯಾನ್ವಾಸು. ಹಗೂರ. ನೀರು ಕಂಡ್ರೆ ಸತ್ತೋಗ್ತದೆ. ಇದು ಗಮ್ಮಿಂದು, ಇಸ್ತ್ರಿ ಮಾಡಿದ್ರೆ ಅಂಟ್ಕೊಳ್ತದೆ. ಸರಿಯಾಗಿ ಮಾಡ್ದಿದ್ರೆ ಗುಳ್ಳೆ ಬರ್ತದೆ, ಹಪ್ಪಳದ ಥರ. ಇದು ದಪ್ಪ ಕಾಟನ್ನು, ಹೊಲೀಬೇಕು. ಇದು ಫೋಮು, ಮೆತ್ತಗಿರ್ತದೆ, ನಿಲ್ತದೆ, ಆದ್ರೆ ನಿಮ್ಮ ಹಳೇ ಮಿಷನ್ ತಡೆಯಲ್ಲ. ಯಾವ್ದು ಬೇಕು?"

"ನೀವೇ ಹೇಳಿ ಸಾಬ್ರೇ, ಬೇಗ. ಬಸ್ಸೈತೆ."

"ನಾನು ಹೇಳಿದ್ರೆ ಏನ್ ಬಂತು ಬೇಟಾ? ನಿನ್ನ ಬಟ್ಟೆ ಹೇಳ್ಬೇಕು. ಒಂದೊಂದು ತುಂಡು ತಗೊಂಡು ಹೋಗು. ನೆನೆಸು, ಒಣಗಿಸು, ಇಸ್ತ್ರಿ ಹಾಕು, ಮೇಲೆ ಭಾರ ಇಡು. ನಾಲ್ಕು ದಿನ ನೋಡು. ಆಮೇಲೆ ಬಾ."

ನಾಲ್ಕು ದಿನ! ನನಗೆ ನಾಲ್ಕು ನಿಮಿಷ ಒಂದು ಕಡೆ ನಿಲ್ಲಲು ಬರುವುದಿಲ್ಲ. ಬಾಗಿಲಲ್ಲಿ ನಿಂತಿದ್ದ ಇನ್ನೊಬ್ಬ ದರ್ಜಿ ನನ್ನ ಕಾಲು ಕುಣಿಯುವುದನ್ನು ನೋಡಿ, "ಸಾಬ್ರೇ, ಚೀಲಕ್ಕಲ್ಲ, ಮೊದ್ಲು ಇವ್ನಿಗೇ ಒಂದು ಪದರ ಕ್ಯಾನ್ವಾಸ್ ಹಾಕಿ" ಅಂದ. ನನಗೆ ಉರಿಯಿತು. ತುಂಡುಗಳನ್ನು ಪ್ಯಾಂಟಿನ ಜೇಬಿಗೆ ತುರುಕಿ, ಏನೂ ಕೊಳ್ಳದೆ ಹೊರಟುಬಂದೆ.

ಮನೆಗೆ ಬಂದರೆ ಅಪ್ಪ ರೇಷ್ಮೆ ಹುಳದ ಮನೆಯ ಅಟ್ಟ ಗುಡಿಸುತ್ತಿದ್ದ. ಮೇಲಿಂದ ಒಂದು ಕಟ್ಟು ಧೊಪ್ಪನೆ ಬಿತ್ತು. ಮೇಣ ಹಚ್ಚಿದ ಚಾಕಿ ಪೇಪರು. ರೇಷ್ಮೆ ಸಾಕಿದವರಿಗೆ ಗೊತ್ತು: ಮರಿ ಹುಳಕ್ಕೆ ಹಾಕಿದ ಸೊಪ್ಪು ಬಾಡಬಾರದು ಅಂತ ಕೆಳಗೂ ಮೇಲೂ ಹಾಕುವ ಕಾಗದ. ನಾನು ಚಿಕ್ಕವನಾಗಿದ್ದಾಗ ಅದನ್ನು ಮುಟ್ಟಿದರೆ ಅವ್ವ ಕೈಮೇಲೆ ಹೊಡೆಯುತ್ತಿದ್ದಳು. ಕೈ ತೊಳೆಯದೆ ಹುಳದ ಹತ್ತಿರ ಹೋಗುವ ಹಾಗೇ ಇರಲಿಲ್ಲ, ಊರಿಂದ ಬಂದ ನೆಂಟರನ್ನೂ ಬಾಗಿಲಲ್ಲೇ ನಿಲ್ಲಿಸುತ್ತಿದ್ದಳು. ಈಚೆಗೆ ಅಪ್ಪ ಮರಿ ಸಾಕಿ ಕೊಡುವ ಚಾಕಿ ಸೆಂಟರಿನಿಂದಲೇ ದೊಡ್ಡ ಮರಿ ತರುತ್ತಿದ್ದ. ಕಾಗದಕ್ಕೆ ಕೆಲಸ ಇರಲಿಲ್ಲ.

ಒಂದು ಹಾಳೆ ತೆಗೆದು ಹಿಸುಕಿದೆ. ಗಟ್ಟಿ. ನಾಲ್ಕು ಮಡಿಕೆ ಮಾಡಿದೆ. ಇನ್ನೂ ಗಟ್ಟಿ. ನೀರು ಚಿಮುಕಿಸಿದೆ. ಕೆಸುವಿನೆಲೆಯ ಮೇಲಿನ ಹಾಗೆ ಉರುಳಿಹೋಯಿತು. ಇನ್ನೇನು ಬೇಕು? ಸಾಬರ ನಾಲ್ಕು ದಿನದ ಪರೀಕ್ಷೆ ನನ್ನ ಅಟ್ಟದಲ್ಲಿ ನಾಲ್ಕು ನಿಮಿಷಕ್ಕೆ ಮುಗಿಯಿತು. ನನ್ನಂಥ ತಲೆ ಏಳನೇ ಕ್ಲಾಸಿಗೆ ನಿಂತದ್ದು ದೇಶಕ್ಕೆ ನಷ್ಟ ಅಂತ ನನಗೆ ನಿಜವಾಗಿಯೂ ಅನ್ನಿಸಿತು.

ಅಕ್ಕ ಕಾಗದ ನೋಡಿದವಳೇ ಮಿಷನ್ ನಿಲ್ಲಿಸಿದಳು.

"ಲೇ, ಇದು ಚಾಕಿ ಪೇಪರ್ ಅಲ್ವೇನ್ಲಾ?"

"ಹೂಂ, ಅದೇ."

"ಸಾಬ್ರ ತಾವ ಕೇಳ್ದಾ?"

"ಕೇಳ್ದೆ."

"ಏನಂದ್ರು?"

"ಆಯ್ತದೆ ಅಂದ್ರು. ಬೊಂಬಾಟಾಗಿ ಆಯ್ತದೆ ಅಂದ್ರು."

ಇದು ಸುಳ್ಳು. ದೊಡ್ಡ ಸುಳ್ಳು ಅಂತ ಆಗ ಅನ್ನಿಸಲಿಲ್ಲ. ಬೇಗ ಕೆಲಸ ಆಗಲಿ ಅಂತ ಹೇಳುವ ಸುಳ್ಳಿಗೆ ತೂಕವಿಲ್ಲ ಅಂದುಕೊಂಡಿದ್ದೆ. ಅಕ್ಕ ಒಂದು ಸಲ ನನ್ನ ಮುಖ ನೋಡಿ, ಮತ್ತೆ ಮಿಷನ್ ತುಳಿದಳು.

ಹನ್ನೆರಡು ದಿನ ಹೊಲಿದೆವು. ಮೂಲೆಗಳಲ್ಲಿ ಕಾಗದದ ಮಡಿಕೆ ದಪ್ಪವಾಗಿ ಸೂಜಿ ಮುರಿಯುತ್ತಿತ್ತು. ಮುರಿದ ಸೂಜಿಗೆಲ್ಲ ನಾನು ಸೂಜಿ ಮಾರಿದವನನ್ನೇ ಬೈದೆ. ಕೊನೆಯಲ್ಲಿ ಅಕ್ಕ "ಒಂದ್ಸಲ ಇಸ್ತ್ರಿ ಹಾಕಿ ಕೊಡಾನಾ?" ಅಂದಳು. "ಚೀಲಕ್ಕೆ ಇಸ್ತ್ರಿ ಏನಕ್ಕೆ, ಅದೇನ್ ಮದುವೆಗೆ ಹೋಯ್ತದಾ?" ಅಂದೆ. ಒಂದೇ ಒಂದು ಚೀಲಕ್ಕೆ ಇಸ್ತ್ರಿ ಮುಟ್ಟಿಸಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ.

ನಲವತ್ತನ್ನೂ ಪಡಸಾಲೆಯಲ್ಲಿ ಸಾಲಾಗಿ ನಿಲ್ಲಿಸಿದೆವು. ನಿಂತವು ನೋಡಿ, ಶಾಲೆಯಲ್ಲಿ ಪ್ರಾರ್ಥನೆಗೆ ನಿಂತ ಹಾಗೆ! ಅವ್ವ ಕೂಡ ಹುಳಕ್ಕೆ ಸೊಪ್ಪು ಹಾಕುವುದನ್ನು ಬಿಟ್ಟು ಬಂದು ನೋಡಿದಳು. ಒಂದನ್ನು ಕೈಯಿಂದ ತಳ್ಳಿದಳು. ಬೀಳಲಿಲ್ಲ. "ಹೂಂ" ಅಂದಳು. ಅವ್ವನ ಬಾಯಿಂದ "ಹೂಂ" ಬರುವುದು ಅಂದರೆ ಬೇರೆಯವರು ಹಾರ ಹಾಕಿದ ಹಾಗೆ. ಸಾಯಂಕಾಲ ಮಂಗಳ ಬಂದು ಎಲ್ಲವನ್ನೂ ತೆಗೆದುಕೊಂಡು ಹೋದಳು.

ಮಾರನೆಯ ದಿನ ಬೆಳಿಗ್ಗೆ ನಲವತ್ತು ಮನೆಯಲ್ಲಿ ಬಿಸಿ ಬಿಸಿ ಅನ್ನ, ಕುದಿಯುವ ಸಾರು ಸ್ಟೀಲ್ ಡಬ್ಬಿಗೆ ಬಿತ್ತು. ಡಬ್ಬಿ ಹೊಸ ಚೀಲಕ್ಕೆ ಇಳಿಯಿತು. ಇಷ್ಟು ಹೇಳಿದರೆ ರೇಷ್ಮೆ ಮನೆಯವರಿಗೆ ಮುಂದಿನದು ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ: ಮೇಣ ಕರಗುತ್ತದೆ.

ಬಸ್ಸು ರಾಮನಗರ ಮುಟ್ಟುವುದರೊಳಗೆ ಚೀಲಗಳು ಒಂದೊಂದಾಗಿ ಮೊಣಕಾಲು ಮಡಚಿದವಂತೆ. ಮೇಣ ಬಟ್ಟೆಯೊಳಗಿಂದ ಜಿನುಗಿ ಹೊರಗೆ ಬಂತಂತೆ. ತೊಡೆಯ ಮೇಲೆ ಇಟ್ಟುಕೊಂಡವರ ಸೀರೆಗೆಲ್ಲ ಎಣ್ಣೆ ಕಲೆಯ ಹಾಗೆ ದೊಡ್ಡ ದೊಡ್ಡ ತೇಪೆ. ಮೇಲಿಂದ ವಾಸನೆ. ಆ ಕಾಗದ ಎಷ್ಟು ಬೆಳೆ ಹುಳ ಕಂಡಿತ್ತೋ, ಅಷ್ಟೂ ಬೆಳೆಯ ಸುಣ್ಣ, ಔಷಧಿ, ಕೊಳೆತ ಸೊಪ್ಪು ಎಲ್ಲ ಬಿಸಿಗೆ ಎದ್ದು ಬಂದವು. ಡ್ರೈವರು ಬಸ್ಸು ನಿಲ್ಲಿಸಿ "ಯಾರಮ್ಮ ಹುಳ ತಂದಿರೋದು?" ಅಂತ ಕೇಳಿದನಂತೆ.

ಸಾಯಂಕಾಲ ಬಸ್ಸು ಬಂದಾಗ ಹುಡುಗಿಯರು ಸಾಲಾಗಿ ನಮ್ಮ ಮನೆಯವರೆಗೂ ನಡೆದು ಬಂದರು. ಒಬ್ಬೊಬ್ಬಳೂ ತನ್ನ ಚೀಲವನ್ನು ಜಗುಲಿಯ ಮೇಲೆ ಬಿಸಾಕಿ ಹೋದಳು. ಮಂಗಳ ಮಾತ್ರ ನಿಂತು ತನ್ನ ಸೀರೆ ತೋರಿಸಿದಳು.

"ಹಬ್ಬಕ್ ಅಂತ ಇಟ್ಟಿದ್ದೆ ಕಣಕ್ಕ. ಹೊಸ ಚೀಲ ಅಂತ ಇವತ್ತೇ ಉಟ್ಟೆ."

ಅಕ್ಕ ಅವಳ ಸೀರೆಯ ಕಲೆಯನ್ನು ಹೆಬ್ಬೆರಳಿಂದ ಉಜ್ಜಿದಳು. ಹೋಗಲಿಲ್ಲ. ಅವ್ವ ಒಳಗಿಂದಲೇ ಅಕ್ಕನಿಗೆ ಅಂದಳು:

"ಸೋಮವಾರ ಬಸ್ ಹತ್ತು ಮಗ. ಸಾಕು."

ಅಕ್ಕ ನನ್ನ ಕಡೆ ತಿರುಗಿ, "ನಡೀಲಾ, ಸಾಬ್ರ ಅಂಗ್ಡಿಗೆ" ಅಂದಳು.

"ಈಗ್ಯಾಕೆ?"

"ಆಯ್ತದೆ ಅಂದ್ರಲ್ಲ. ಹೆಂಗೆ ಅಂದ್ರು ಅಂತ ಕೇಳ್ಬೇಕು."

ದಾರಿಯುದ್ದಕ್ಕೂ ಬಸ್ಸಿನಲ್ಲಿ ನಾನು ನಿಂತೆ, ಕೂತೆ, ಮತ್ತೆ ನಿಂತೆ. ಮೂರು ಸಲ ಬಾಯಿ ತೆರೆದೆ. ಬಸ್ಸು ಕೆಟ್ಟು ನಿಲ್ಲಲಿ ಅಂತ ಬೇಡಿಕೊಂಡೆ. ನಮ್ಮ ಕಡೆಯ ಬಸ್ಸು ಬೇಕಾದಾಗ ಎಂದಾದರೂ ಕೆಟ್ಟಿದೆಯೇ?

ಸಾಬರು ಅಂಗಡಿ ಮುಚ್ಚಲು ಹೊರಟಿದ್ದರು. ಅಕ್ಕ ಮೇಣ ಮೆತ್ತಿದ ಒಂದು ಚೀಲವನ್ನು ಅವರ ಹಲಗೆ ಮೇಲೆ ಇಟ್ಟಳು.

"ಏನ್ ಸಾಬ್ರೇ, ದೊಡ್ಡೋರು ನೀವು. ಚಾಕಿ ಪೇಪರ್ ಹಾಕಿದ್ರೆ ಆಯ್ತದೆ ಅಂದ್ರಂತೆ. ನೋಡಿ, ಹೆಂಗಾಗೈತೆ. ನಲವತ್ ಜನದ ಸೀರೆ. ನನ್ನ ಅನ್ನ."

ಸಾಬರು ಚೀಲ ಹಿಸುಕಿದರು. ಮೂಸಿದರು. ಆಮೇಲೆ ನನ್ನನ್ನು ನೋಡಿದರು. ನಾನು ಅವರ ಹಿಂದಿನ ಗೂಡಿನಲ್ಲಿದ್ದ ಗುಂಡಿ ಡಬ್ಬಿಗಳನ್ನು ನೋಡಿದೆ. ಕೆಂಪು ಗುಂಡಿ, ಬಿಳಿ ಗುಂಡಿ, ನೀಲಿ ಗುಂಡಿ.

"ಹೂಂ ತಾಯಿ" ಅಂದರು ಸಾಬರು. "ಅಂದಿರಬೇಕು. ವಯಸ್ಸಾಯ್ತು. ಏನೋ ಕೇಳ್ತಾರೆ, ಏನೋ ಹೇಳ್ತೀನಿ. ನಂದೇ ತಪ್ಪು."

ಬೈದರೆ ತಡೆಯಬಹುದು, ಹೊಡೆದರೂ ತಡೆಯಬಹುದು. ಇದನ್ನು ತಡೆಯಲು ಆಗಲಿಲ್ಲ.

"ಅವ್ರು ಅನ್ನಿಲ್ಲ ಕಣಕ್ಕ" ಅಂದೆ. "ನಾನು ಕೇಳೇ ಇಲ್ಲ."

ಅಕ್ಕ ನನ್ನನ್ನು ನೋಡಲಿಲ್ಲ. ಸಾಬರಿಗೆ ಕೈ ಮುಗಿದಳು. "ತಪ್ಪಾಯ್ತು ಸಾಬ್ರೇ" ಅಂದಳು. ಚೀಲ ಎತ್ತಿಕೊಂಡು ಒಬ್ಬಳೇ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಊದಿದ ಕಾಲಿನವಳು ಅಷ್ಟು ಜೋರಾಗಿ ನಡೆದದ್ದನ್ನು ನಾನು ಅದಕ್ಕಿಂತ ಮುಂಚೆ ಕಂಡಿರಲಿಲ್ಲ.

"ನಾನ್ ಕೊಟ್ಟ ತುಂಡುಗಳು ಎಲ್ಲಿ?" ಅಂದರು ಸಾಬರು.

ಪ್ಯಾಂಟಿನ ಜೇಬಿಗೆ ಕೈ ಹಾಕಿದೆ. ಅದೇ ಪ್ಯಾಂಟು. ಈ ನಡುವೆ ಅವ್ವ ಅದನ್ನು ಎರಡು ಸಲ ಕಲ್ಲಿನ ಮೇಲೆ ಒಗೆದಿದ್ದಳು. ಪೇಪರ್ ಕ್ಯಾನ್ವಾಸು ಜೇಬಿನ ಮೂಲೆಯಲ್ಲಿ ಹಿಟ್ಟಾಗಿ ಮೆತ್ತಿಕೊಂಡಿತ್ತು. ಗಮ್ಮಿನದು ಸುರುಟಿ ಮುದ್ದೆಯಾಗಿತ್ತು. ಫೋಮು ಹರಿದು ಎರಡಾಗಿತ್ತು. ದಪ್ಪ ಕಾಟನ್ನು ಮಾತ್ರ, ಸ್ವಲ್ಪ ಸುಕ್ಕು ಬಿಟ್ಟರೆ, ಕೊಟ್ಟ ಹಾಗೇ ಇತ್ತು. ಸಾಬರು ಅದನ್ನು ಹಲಗೆ ಮೇಲೆ ಇಟ್ಟು ಅಂಗೈಯಲ್ಲಿ ಸವರಿದರು. ನೆಟ್ಟಗಾಯಿತು.

"ನೋಡು, ನಿಮ್ಮವ್ವ ಟೆಸ್ಟ್ ಮಾಡಿ ಕೊಟ್ಟವ್ರೆ. ತಳಕ್ಕೆ ಎರಡು ಪದರ. ಪಕ್ಕಕ್ಕೆ ಒಂದು. ಬಾಯಿಗೆ ಬೇಡ, ಮಡಚೋಕೆ ಬರ್ಬೇಕು. ಹೊಲಿಗೆ ಬರೋ ಅಂಚಿಗೆ ಬೇಡ, ಅರ್ಧ ಬೆರಳು ಬಿಟ್ಟು ಕತ್ತರಿಸು, ಸೂಜಿ ಮುರಿಯಲ್ಲ. ಬಿಸಿಗೆ ಏನಾಯ್ತದೆ ಅಂತ ಮಾತ್ರ ನೀನೇ ನೋಡ್ಬೇಕು. ಡಬ್ಬಿ ಇಟ್ಟು ನೋಡು."

ಎರಡು ಗಜ ಕತ್ತರಿಸಿ ಕೊಟ್ಟರು. ಓಡಿದೆ.

ಅದು ಶುಕ್ರವಾರ. ಸೋಮವಾರಕ್ಕೆ ಎರಡು ದಿನ. ಶನಿವಾರ ಬೆಳಿಗ್ಗೆಯಿಂದ ನಾನು ಜಗುಲಿಯಲ್ಲಿ ಕೂತು ಬ್ಲೇಡಿನಿಂದ ಹೊಲಿಗೆ ಬಿಚ್ಚಿದೆ. ಹೊಲಿಯುವುದಕ್ಕಿಂತ ಬಿಚ್ಚುವುದಕ್ಕೆ ಮೂರರಷ್ಟು ಹೊತ್ತು ಹಿಡಿಯುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಬಿಚ್ಚಿದ ಬಟ್ಟೆಗಳನ್ನು ಅವ್ವನ ಹಂಡೆಯಲ್ಲಿ ಸೋಪು ಹಾಕಿ ಕುದಿಸಿದೆ. ಮೇಣ ಮೇಲೆ ತೇಲಿತು. ಜಾಲಿಸಿ ತಂತಿಗೆ ಹಾಕಿದೆ. ಹೊರಗೆ ತುಂತುರು. ಬಟ್ಟೆ ಒಣಗುವುದನ್ನು ಕಾಯುವುದಕ್ಕಿಂತ ದೊಡ್ಡ ಶಿಕ್ಷೆ ಪೊಲೀಸರ ಹತ್ತಿರವೂ ಇಲ್ಲ. ಐದು ನಿಮಿಷಕ್ಕೊಮ್ಮೆ ಎದ್ದು ಹಿಸುಕಿದೆ. ಹಿಸುಕಿದಷ್ಟೂ ಒದ್ದೆಯಾಗೇ ಇತ್ತು. ಕೊನೆಗೆ ಹುಳದ ಮನೆಯ ಒಲೆ ಹತ್ತಿರ ಹಗ್ಗ ಕಟ್ಟಿ ನೇತುಹಾಕಿದೆ. ಅಪ್ಪ ಬಂದು ನೋಡಿ, "ಹುಳ ಎಲ್ಲಿ, ಚೀಲ ಎಲ್ಲಿ, ಗೊತ್ತಾಯ್ತಾ ಇಲ್ವಲ್ಲ" ಅಂದು ಹೋದ. ನಮ್ಮಪ್ಪ ವರ್ಷಕ್ಕೆ ಒಂದು ಸಲ ತಮಾಷೆ ಮಾಡುತ್ತಾನೆ.

ಅಕ್ಕ ಎರಡೂ ದಿನ ನನ್ನ ಹತ್ತಿರ ಮಾತಾಡಲಿಲ್ಲ. ನಾನು ಕತ್ತರಿಸಿ ಮಿಷನ್ನಿನ ಪಕ್ಕ ಇಟ್ಟೆ. ತುಂಬ ಹೊತ್ತು ಮುಟ್ಟಲಿಲ್ಲ. ಆಮೇಲೆ ಬಂದು ಕೂತಳು. ಮೊದಲನೆಯದು ಮುಗಿದ ತಕ್ಷಣ ಕುದಿಯುವ ನೀರು ತುಂಬಿದ ಡಬ್ಬಿಯನ್ನು ಅದರೊಳಗೆ ಇಟ್ಟು ನೆಲದ ಮೇಲೆ ನಿಲ್ಲಿಸಿದೆ. ಇಬ್ಬರೂ ನೋಡಿದೆವು. ನಿಂತಿತ್ತು. ತಳ ಬೆಚ್ಚಗಿತ್ತು, ಒಣಗಿತ್ತು. ಅಕ್ಕ ಎರಡನೆಯದಕ್ಕೆ ದಾರ ಪೋಣಿಸಿದಳು. ಭಾನುವಾರ ಸಾಯಂಕಾಲಕ್ಕೆ ಹನ್ನೆರಡು ಆದವು. ಇಪ್ಪತ್ತೆಂಟು ಬಾಕಿ.

ಅಷ್ಟಾದ ಮೇಲೆ ಅಕ್ಕ ಎದ್ದು, ಪೆಟ್ಟಿಗೆಯಿಂದ ಕಂಪನಿಯ ನೀಲಿ ಕೋಟು ತೆಗೆದು ಇಸ್ತ್ರಿ ಮಾಡಿದಳು.

"ಅಕ್ಕ, ಆಯ್ತಲ್ಲ, ಹನ್ನೆರಡು..." ಅಂದೆ.

"ಆಯ್ತದೆ ಅಂತ ನೀನು ಹೇಳ್ಬ್ಯಾಡ" ಅಂದಳು. ಎರಡು ದಿನದಲ್ಲಿ ಅವಳು ಆಡಿದ್ದು ಅಷ್ಟೇ.

ಸೋಮವಾರ ಹಾರನ್ ಕೇಳುವ ಮೊದಲೇ ಅಕ್ಕ ಸರ್ಕಲ್ಲಿನಲ್ಲಿದ್ದಳು. ನೀಲಿ ಕೋಟು ಹಾಕಿದ್ದಳು. ಕೈಯಲ್ಲಿ ಒಂದು ಚೀಲ, ಅದರೊಳಗೆ ಬಿಸಿ ಡಬ್ಬಿ. ಉಳಿದ ಹನ್ನೊಂದನ್ನು ನಾನು ಹೊತ್ತಿದ್ದೆ. ಬಸ್ಸು ಬಂತು. ಅಕ್ಕ ನನ್ನಿಂದ ಚೀಲಗಳನ್ನು ಇಸಿದುಕೊಂಡು ಹತ್ತಿದಳು. ತನ್ನ ಚೀಲವನ್ನು ಓಡಾಡುವ ದಾರಿಯ ನಡುವೆ ಇಟ್ಟಳು, ಎಲ್ಲರಿಗೂ ಕಾಣುವ ಹಾಗೆ. ಬಾಗಿಲು ಮುಚ್ಚಿತು. ಬಸ್ಸು ಹೋಯಿತು.

ಮನೆಗೆ ಬಂದು "ಹತ್ತುದ್ಲು" ಅಂದೆ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು, ಅಳುವೋ ಒಲೆಯ ಹೊಗೆಯೋ ಗೊತ್ತಾಗಲಿಲ್ಲ. "ನಾನೇನ್ ಅವ್ಳಿಗೆ ಕೆಟ್ಟದ್ ಬಯಸಿದ್ನಾ?" ಅಂದಳು. ಹುರುಳಿಕಾಳು ತುಂಬಿದ ಮೊರ ತಂದು, ಇಡಲು ಜಾಗ ಹುಡುಕಿ, ಹೊಲಿಗೆ ಮಿಷನ್ನಿನ ಮೇಲೆ ಇಟ್ಟಳು. ಅಲ್ಲಿಗೆ ಮಿಷನ್ನು ಮೇಜಾಯಿತು.

ನಾನು ಕೂತೆ. ಎದ್ದೆ. ಇಪ್ಪತ್ತೆಂಟು ಚೀಲದ ರಾಶಿ ನೋಡಿದೆ. ಬ್ಲೇಡು ತೆಗೆದುಕೊಂಡೆ, ಇಟ್ಟೆ. ಸರ್ಕಲ್ಲಿಗೆ ಹೋದೆ, ಬಂದೆ. ಕಂಪನಿಯಲ್ಲಿ ಎಂಟು ಗಂಟೆಗೆ ಗೇಟು ಮುಚ್ಚುತ್ತಾರೆ. ಎಂಟಾಯಿತು. ಈಗ ಟೇಬಲ್ಲಿನ ಮುಂದೆ ನಿಂತಿರುತ್ತಾಳೆ ಅಂದುಕೊಂಡೆ. ಒಂಬತ್ತಾಯಿತು. ಈಗ ಕಾಲು ಬದಲಾಯಿಸಿ ಬದಲಾಯಿಸಿ ನಿಲ್ಲುತ್ತಿರುತ್ತಾಳೆ. ಹತ್ತಾಯಿತು. ಎರಡನೇ ಸಲ ಸರ್ಕಲ್ಲಿಗೆ ಹೊರಟವನು ಬಾಗಿಲಲ್ಲೇ ನಿಂತೆ.

ಅಕ್ಕ ಬರುತ್ತಿದ್ದಳು. ನೀಲಿ ಕೋಟು ಮಡಚಿ ಕಂಕುಳಲ್ಲಿ ಇತ್ತು. ಹೆಗಲ ಮೇಲೆ ಒಂದು ಸುರುಳಿ, ಕ್ಯಾನ್ವಾಸು. ನಿಂತು ನಿಂತು ನಡೆಯುತ್ತಿದ್ದಳು, ಚಪ್ಪಲಿ ಕಾಲಲ್ಲೇ ಇತ್ತು.

ಅವ್ವ ಒಲೆ ಮುಂದಿಂದ ಎದ್ದು ಬಂದಳು. "ಯಾಕವ್ವ? ಒಳಕ್ ಬುಡ್ನಿಲ್ವಾ?"

"ನಾನೇ ಹೋಗ್ನಿಲ್ಲ" ಅಂದಳು ಅಕ್ಕ. "ಗೇಟ್ ಗಂಟ ಹೋದೆ. ಚೀಲ ಬೀಳ್ನಿಲ್ಲ. ಕೋಟ್ ಬಿಚ್ಕಂಡು ವಾಪಸ್ ಬಸ್ ಹತ್ತುದೆ."

"ಮತ್ತೆ ಹುಡ್ಗೀರು?"

"ಹನ್ನೆರ್ಡನ್ನೂ ಮಂಗಳ ಇಸ್ಕಂಡ್ಲು. ಉಳ್ದೋರು ನಂದ್ಯಾವಾಗ ಅಂತಾವ್ರೆ." ಸುರುಳಿಯನ್ನು ಜಗುಲಿಯ ಮೇಲೆ ಇಳಿಸಿ, ನನ್ನ ಕಡೆ ನೋಡಿದಳು. "ಸಾಬ್ರ ತಾವ ನಾನೇ ಹಿಸುಕಿ ತಂದಿವ್ನಿ. ಇನ್ಮ್ಯಾಕೆ ನೀನು ಅಂಗ್ಡಿ ಮೆಟ್ಲು ಹತ್ಬ್ಯಾಡ. ಕೂತ್ಕಂಡು ಬಿಚ್ಚು."

ಕೂತೆ. ಬ್ಲೇಡು ಹಿಡಿದೆ.

ಅವ್ವ ಅಕ್ಕನ ಕಾಲನ್ನು ನೋಡಿದಳು. ಆಮೇಲೆ ಒಳಗೆ ಹೋಗಿ, ಹುರುಳಿಕಾಳಿನ ಮೊರವನ್ನು ಮಿಷನ್ನಿನ ಮೇಲಿಂದ ಎತ್ತಿ ನೆಲಕ್ಕಿಟ್ಟಳು. ಅಂಟಿಕೊಂಡಿದ್ದ ನಾಲ್ಕು ಕಾಳನ್ನೂ ಬಿಡದೆ ಸೆರಗಿನಿಂದ ಒರೆಸಿದಳು.